ಎಲೆಯ ಕೆಳಗಿನ ಅರ್ಜಿ

ನನ್ನ ಕನ್ನಡ ಶುದ್ಧವಾಗಿಲ್ಲ ಎಂದು ಅವರು ಸರ್ಕಾರಕ್ಕೆ ಅರ್ಜಿ ಬರೆದರು. ಇಂಗ್ಲಿಷಿನಲ್ಲಿ ಬರೆದರು.

ಹನ್ನೊಂದು ಜನ ಸಹಿ ಹಾಕಿದ್ದಾರೆ. ಒಂದು ಸಹಿಯೂ ಕನ್ನಡದಲ್ಲಿಲ್ಲ. ಇರಲಿ ಬಿಡಿ, ಅದನ್ನು ಹಿಡಿದು ಜಗಳ ತೆಗೆಯುವವಳಲ್ಲ ನಾನು. ಅವರ ಸಹಿ, ಅವರ ಕೈ. ಆದರೆ ಆ ಸಹಿ ಬಿದ್ದದ್ದು ನನ್ನ ಅನ್ನದ ಮೇಲೆ. ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ನನ್ನ ಹೆಸರು ಶಕುಂತಲಾ. ಎಂ.ಎ. ಕನ್ನಡ, ಬಿ.ಎಡ್. ಬಂಗಾರಪೇಟೆ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಬೇಸಿಗೆ ಬಂದ ಕೂಡಲೇ ಅತಿಥಿಯನ್ನು ಮನೆಗೆ ಕಳಿಸುತ್ತಿದ್ದರು. ಮಳೆ ಬಂದ ಮೇಲೆ ಮತ್ತೆ ಕರೆಯುತ್ತಿದ್ದರು, ಮನಸ್ಸಿದ್ದರೆ. ಆಮೇಲೆ ನನ್ನ ಗಂಡ ಶಿವಪ್ರಸಾದನಿಗೆ ಸ್ಟಾಕ್‌ಹೋಮಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಸಿಕ್ಕಿತು. ವರ್ಕ್ ಪರ್ಮಿಟ್ ಬಂತು. ಮಗ ವೇದ್‌ನನ್ನು ಕಟ್ಟಿಕೊಂಡು ಸ್ಟಾಕ್‌ಹೋಮಿನ ಅಂಚಿನ ಸುಂಡ್‌ಬೀಬರ್ಯ್‌ಗೆ ಬಂದೆವು. ಎರಡು ಕೋಣೆಯ ಬಾಡಿಗೆ ಫ್ಲ್ಯಾಟು, ಕೆಳಗೆ ರೈಲು, ರೈಲಿನ ಕೆಳಗೆ ಮೆಟ್ರೋ.

ಇಲ್ಲಿ ನನ್ನ ಕೆಲಸ ಒಂದು ಶಾಲೆಯಲ್ಲೇ. ಆದರೆ ತರಗತಿಯಲ್ಲಲ್ಲ, ಅಡುಗೆಮನೆಯ ಹಿಂದಿನ ಪಾತ್ರೆ ಕೋಣೆಯಲ್ಲಿ. ಮಕ್ಕಳು ಉಂಡ ತಟ್ಟೆಗಳು ಗೂಡಿನಿಂದ ಒಳಗೆ ಬರುತ್ತವೆ. ಎಂಜಲು ಕೆರೆಯಬೇಕು. ಬಿಸಿನೀರಿನ ಪೈಪಿನಲ್ಲಿ ಹೊಡೆಯಬೇಕು. ಟ್ರೇಯಲ್ಲಿ ಜೋಡಿಸಿ ಮಿಷನ್ನಿಗೆ ನೂಕಬೇಕು. ಮಿಷನ್ನಿನ ಬಾಯಿ ತೆರೆದಾಗ ಹಬೆ ಮುಖಕ್ಕೆ ಬಡಿಯುತ್ತದೆ. ಬಿಸಿ ಟ್ರೇ ಎತ್ತಿ ಎತ್ತಿ ಮಣಿಕಟ್ಟು ಊದುತ್ತದೆ. ಚಳಿಗಾಲದಲ್ಲಿ ಬೆರಳ ಸಂದಿಯಲ್ಲಿ ಚರ್ಮ ಒಡೆಯುತ್ತದೆ. ಮನೆಗೆ ಬಂದು ವ್ಯಾಸಲೀನ್ ಹಚ್ಚಿ, ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಸ್ವೀಡಿಷ್ ಪಾಠ ಓದುತ್ತಿದ್ದೆ. ಪುಟ ತಿರುಗಿಸುವಾಗೆಲ್ಲ ಕವರು ಸರಬರ ಎನ್ನುತ್ತಿತ್ತು.

ಹೀಗೇ ಒಂದು ದಿನ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಓದಿದೆ. ಮನೆಯಲ್ಲಿ ಬೇರೆ ಭಾಷೆ ಮಾತಾಡುವ ಮಕ್ಕಳಿಗೆ ಆ ಭಾಷೆ ಕಲಿಸಲು ಕೊಮ್ಯೂನ್, ಅಂದರೆ ಇಲ್ಲಿಯ ನಗರಸಭೆ, ಮೇಷ್ಟ್ರನ್ನು ಕೊಡುತ್ತದೆ. ಕನಿಷ್ಠ ಐದು ಮಕ್ಕಳು ಇರಬೇಕು. ತಕ್ಕ ಮೇಷ್ಟ್ರು ಸಿಗಬೇಕು. ಅಷ್ಟೇ. ಬೋರ್ಡಿನ ಮುಂದೆ ನಿಂತವಳ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಸೀಮೆಸುಣ್ಣ ಹಿಡಿದು ಎಷ್ಟು ಕಾಲವಾಗಿತ್ತು!

ಓಡಿದ್ದು ರಾಜಗೋಪಾಲ ಅವರ ಹತ್ತಿರ. ಅವರು ನಮ್ಮ ಹಿಮಗನ್ನಡ ಬಳಗದ ಅಧ್ಯಕ್ಷರು. ಐಟಿಯಲ್ಲಿ ದೊಡ್ಡ ಹುದ್ದೆ, ಭುಜದ ಮೇಲೆ ಸದಾ ಕೆಂಪು-ಹಳದಿ ಶಾಲು. "ಎಕ್ಸಲೆಂಟ್ ಶಕುಂತಲಾ! ಒಂದು ಪೆಟಿಷನ್ ಮಾಡೋಣ, ಎಲ್ಲಾ ಪೇರೆಂಟ್ಸ್ ಹತ್ರ ಸೈನ್ ತಗೊಳ್ಳಿ, ನಾನು ಲೀಡ್ ಮಾಡ್ತೀನಿ," ಎಂದರು. ಅವರು ಲೀಡ್ ಮಾಡಿದರು, ನಾನು ನಡೆದೆ. ಮಂಜಿನಲ್ಲಿ ಜಾರಿ ಬಿದ್ದು ಮೊಣಕಾಲು ತರಚಿಕೊಂಡು ಮನೆಮನೆಗೆ ಹೋದೆ. ಸ್ವೀಡಿಷಿನಲ್ಲಿ ಅರ್ಜಿ ಬರೆದವಳು ನಾನು. ಮೊದಲ ಸಹಿ ಅಧ್ಯಕ್ಷರದೇ ಆಗಬೇಕೆಂದು ಅವರು ಒಂದು ವಾರ ಟೂರಿನಲ್ಲಿದ್ದಾಗ ಹಾಳೆ ಖಾಲಿ ಕೂತಿತ್ತು. ಬಂದು ಹಾಕಿದ ಮೇಲೆ ಎಲ್ಲರೂ ಹಾಕಿದರು. ಕೊನೆಯದು ನನ್ನದು, ಹಾಳೆಯ ಹಿಂಬದಿಯಲ್ಲಿ.

ಆರು ಮಕ್ಕಳಾದರು. ಅಧ್ಯಕ್ಷರ ಕಿರಿ ಮಗಳು ಆರಾಧ್ಯಾ, ನನ್ನ ಗೆಳತಿ ಕಾಂಚನಾಳ ಅವಳಿ ಮಕ್ಕಳು ಆಯುಷ್ ಮತ್ತು ಮಯಾಂಕ್, ನನ್ನ ವೇದ್, ಇನ್ನಿಬ್ಬರು. ಬೇಸಿಗೆ ಕಳೆದ ಮೇಲೆ ಕೊಮ್ಯೂನಿನ ಅಧಿಕಾರಿ ಮರಿಯಾನ್ ನನ್ನನ್ನು ಕೂರಿಸಿಕೊಂಡು ಮಾತಾಡಿಸಿದಳು. ನನ್ನ ಸರ್ಟಿಫಿಕೇಟು ನೋಡಿದಳು, ನನ್ನ ಸ್ವೀಡಿಷ್ ಕೇಳಿದಳು. "ನೀನೇ ತಕ್ಕವಳು. ಜನವರಿಯಿಂದ ಶುರು ಮಾಡೋಣ," ಎಂದಳು. ಮಾರನೆಯ ದಿನ ಪಾತ್ರೆ ಕೋಣೆಯಲ್ಲಿ ಹಬೆಯ ನಡುವೆ ನಿಂತು ಅ ಆ ಇ ಈ ಎಂದು ಜೋರಾಗಿ ಹೇಳಿಕೊಂಡೆ. ಪಕ್ಕದಲ್ಲಿ ಕೆಲಸ ಮಾಡುವ ಸೊಮಾಲಿಯಾದ ಹೆಂಗಸು ನನಗೆ ಹುಚ್ಚು ಹಿಡಿಯಿತೆಂದೇ ತಿಳಿದಳು.

ಅದೇ ವಾರ ಅಧ್ಯಕ್ಷರ ಹೆಂಡತಿ ಮಾಲತಿ ನನ್ನನ್ನು ಮನೆಗೆ ಕರೆದರು. ಫೀಕಾ ಅಂತೆ. ಕಾಫಿ ಕುಡಿಯುವುದಕ್ಕೆ ಈ ದೇಶದವರು ಇಟ್ಟ ಹೆಸರು ಅದು. ಕಾಫಿ ಕೊಟ್ಟರು, ಚಕ್ಕುಲಿ ಇಟ್ಟರು. ಆಮೇಲೆ ನಿಧಾನವಾಗಿ ಶುರು ಮಾಡಿದರು.

"ಶಿವಪ್ರಸಾದ್ ಅಂದ್ರೆ ಲಿಂಗಾಯತ್ರಾ? ನಿಮ್ಮ ಮನೆದೇವ್ರು ಯಾವ್ದು ಶಕುಂತಲಾ? ಸುಮ್ನೆ ಕೇಳ್ದೆ, ಮಕ್ಕಳಿಗೆ ಪಾಠ ಹೇಳೋರು ಅಂದ್ಮೇಲೆ ಗೊತ್ತಿರ್ಬೇಕಲ್ವಾ."

ಇಂಥ ಪ್ರಶ್ನೆಗೆ ನನ್ನ ಗಂಡನ ಹತ್ತಿರ ಸಿದ್ಧ ಉತ್ತರವಿದೆ. "ನಾವು ಬೆಂಗ್ಳೂರೋರು" ಎಂದು ನಕ್ಕುಬಿಡುತ್ತಾನೆ. ನನಗೆ ಆ ನಗು ಬರುವುದಿಲ್ಲ.

"ಇಲ್ಲ ಮೇಡಂ. ನಮ್ಮದು ಊರಾಚೆ ಕೇರಿ. ಹೊಲಗೇರಿ," ಎಂದೆ.

"ಓ..." ಎಂದರು ಮಾಲತಿ. "ಅಯ್ಯೋ, ನಾವು ಅದನ್ನೆಲ್ಲ ನೋಡೋದೇ ಇಲ್ಲಪ್ಪ! ಸ್ವೀಡನ್‌ನಲ್ಲಿದ್ದೀವಿ." ಹೇಳುತ್ತಲೇ ನನ್ನ ಕಾಫಿ ಲೋಟ ಎತ್ತಿದರು. ಇನ್ನೂ ಅರ್ಧ ಕಾಫಿ ಇತ್ತು. ಒಳಗೆ ಸಿಂಕಿನಲ್ಲಿ ನೀರು ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು.

ಮುಂದಿನ ಹಬ್ಬ ದಸರಾ ಊಟ. ಬಳಗದಲ್ಲಿ ಕೆಲಸ ಹಂಚುವುದು ಪದ್ಧತಿ. ಅಲ್ಲಿಯವರೆಗೆ ಚಿತ್ರಾನ್ನ ನನ್ನದಾಗಿತ್ತು. ಎರಡೆರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದರು. ಈ ಸಲ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂತು: ಅಡುಗೆ ಮಾಲತಿ ಮತ್ತು ತಂಡ, ಬಡಿಸುವುದು ಕಾಂಚನಾ ಮತ್ತು ತಂಡ, ಟೇಬಲ್ ಮತ್ತು ಪಾತ್ರೆ ಶಕುಂತಲಾ. ನನ್ನದಕ್ಕೆ ತಂಡವಿಲ್ಲ. ಕೆಳಗೆ ಅಧ್ಯಕ್ಷರ ಮಾತು: "ಶಕುಂತಲಾ ಅವ್ರಿಗೆ ಪ್ರೊಫೆಷನಲ್ ಡಿಶ್‌ವಾಶಿಂಗ್ ಎಕ್ಸ್‌ಪೀರಿಯನ್ಸ್ ಇದೆ. ಅವ್ರೇ ಲೀಡ್ ತಗೊಳ್ಳಲಿ." ಅದರ ಕೆಳಗೆ ಹತ್ತಾರು ಕೈಮುಗಿಯುವ ಚಿತ್ರಗಳು. ನನ್ನನ್ನು ಯಾರೂ ಅಷ್ಟು ಸಲ ಕೈಮುಗಿದಿರಲಿಲ್ಲ.

ಹೋದೆ. ಯಾಕೆ ಹೋದೆ? ಆರು ಮಕ್ಕಳ ಹೆಸರು ಆ ಹಾಳೆಯಲ್ಲಿದ್ದವು. ಬಾಯಿ ಮುಚ್ಚಿಕೊಂಡು ಹೋದೆ. ಜನವರಿ ಬರಲಿ ಎಂದುಕೊಂಡು ತಳ ಸೀದ ಪಾಯಸದ ಪಾತ್ರೆಯೊಳಗೆ ತಲೆ ಹಾಕಿ ಉಜ್ಜಿದೆ.

ಆಗ ಬಂದಳು ಅನಿಕಾ. ಅಧ್ಯಕ್ಷರ ಹಿರಿ ಮಗಳು. ಓರೆಬ್ರೂ ಯೂನಿವರ್ಸಿಟಿಯಲ್ಲಿ ಇತಿಹಾಸ ಓದುತ್ತಾಳೆ, ರಜೆಗೆ ಬಂದಿದ್ದಳು. ಒಳ್ಳೆಯ ಹುಡುಗಿ. ಹಳೆಯ ಇಂಗ್ಲೆಂಡಿನಲ್ಲಿ ಜನ ಬರೆಯುತ್ತಿದ್ದ ಅರ್ಜಿಗಳ ಮೇಲೆ ಪ್ರಬಂಧ ಬರೆಯುತ್ತಿದ್ದಾಳೆ. ಸಿಂಕಿನ ಪಕ್ಕದ ಕಟ್ಟೆಯ ಮೇಲೆ ಹತ್ತಿ ಕೂತು ಕಾಲು ಆಡಿಸುತ್ತ ಹೇಳಿದಳು.

"ಆಂಟಿ, ಹದಿನೇಳನೇ ಶತಮಾನ. ಲಂಡನ್. ನೂರಾರು ಹೆಂಗಸ್ರು ಪೆಟಿಷನ್ ಹಿಡ್ಕೊಂಡು ಪಾರ್ಲಿಮೆಂಟ್ ಬಾಗ್ಲಿಗೆ ಹೋದ್ರು. ಜೈಲಲ್ಲಿರೋ ನಮ್ಮೋರನ್ನ ಬಿಡಿ ಅಂತ. ಅವ್ರಿಗೆ ಏನು ಉತ್ತರ ಸಿಕ್ತು ಗೊತ್ತಾ? ಇದೆಲ್ಲ ನಿಮಗ್ಯಾಕೆ, ಮನೆಗೆ ಹೋಗಿ ಪಾತ್ರೆ ತೊಳೀರಿ ಅಂದ್ರು!"

"ಪುಣ್ಯವಂತರು. ಮನೆಗೆ ಹೋಗಿ ಅಂದ್ರಲ್ಲ. ನನಗೆ ಇಲ್ಲೇ ತೊಳಿ ಅಂದಿದ್ದಾರೆ."

ಅನಿಕಾ ಬಿದ್ದು ಬಿದ್ದು ನಕ್ಕಳು. "ಆಂಟಿ, ಯು ಆರ್ ಲಿವಿಂಗ್ ಮೈ ಥರ್ಡ್ ಚಾಪ್ಟರ್!" ಎಂದಳು. ಉಜ್ಜುವ ನಾರು ಅವಳ ಪಕ್ಕದಲ್ಲೇ ಇತ್ತು. ಮುಟ್ಟಲಿಲ್ಲ.

"ಅರ್ಜಿ ಕೊಟ್ರೆ ಹಿಡಿದು ಒಳಗೆ ಹಾಕ್ತಿದ್ರಾ?" ಎಂದು ಕೇಳಿದೆ.

"ಇಲ್ಲ ಇಲ್ಲ. ಕೊಡೋದು ತಪ್ಪೇ ಅಲ್ಲ. ಬಗ್ಗಿ, ಕೈಮುಗಿದು, 'ಬಡವನ ವಿನಂತಿ' ಅಂತ ಬರ್ದು ಒಳಗೆ ಕೊಡ್ಬೇಕು. ಅದು ಒಳಗೇ ಇರ್ಬೇಕು. ಅದನ್ನೇ ಪ್ರಿಂಟ್ ಮಾಡಿ ಬೀದೀಲಿ ಹಂಚ್ತಿದ್ರಲ್ಲ, ಒಂದೇ ಹಾಳೆ, ದಪ್ಪ ಅಕ್ಷರ, ಗೋಡೆಗೆ ಅಂಟಿಸೋದು, ಅದಕ್ಕೆ ದೊಡ್ಡೋರಿಗೆ ಉರೀತಿತ್ತು."

"ಯಾಕೆ? ಅದೇ ಮಾತು ತಾನೇ?"

"ಬೀದೀಲಿರೋರೂ ಓದಿಬಿಡ್ತಾರಲ್ಲ ಆಂಟಿ."

ಆಮೇಲೆ ಯಾರೋ ಕರೆದರು, ಇಳಿದು ಹೋದಳು. ನಾನು ಪಾತ್ರೆ ಮುಗಿಸಿ, ಸಿಂಕು ಒರೆಸಿ, ಹೊಟ್ಟೆ ತುಂಬಿದೆ ಎಂದು ಹೇಳಿ ಮನೆಗೆ ಬಂದೆ. ಉಂಡಿರಲಿಲ್ಲ.

ದಸರಾ ಕಳೆದು ಸ್ವಲ್ಪ ದಿನಕ್ಕೆ ಮರಿಯಾನ್ ಫೋನ್ ಮಾಡಿದಳು. ನಾಲ್ಕು ಮಕ್ಕಳ ಹೆಸರನ್ನು ತಂದೆತಾಯಿ ವಾಪಸ್ ತೆಗೆದುಕೊಂಡಿದ್ದಾರೆ. ಇಬ್ಬರೇ ಉಳಿದಿದ್ದಾರೆ. ನವೆಂಬರ್ ಮುಗಿಯುವುದರೊಳಗೆ ಮತ್ತೆ ಐದಾಗದಿದ್ದರೆ ತರಗತಿ ಇಲ್ಲ, ಕೆಲಸವೂ ಇಲ್ಲ.

"ಯಾಕಂತೆ?" ಎಂದೆ.

"ಒಂದು ಪತ್ರ ಬಂದಿದೆ. ನಿನ್ನ ಬಗ್ಗೆ. ನನಗೆ ಬೇಸರವಾಯಿತು," ಎಂದಳು. "ಬೇಕಾದರೆ ನೀನು ಓದಬಹುದು. ಕೊಮ್ಯೂನಿಗೆ ಬಂದ ಪತ್ರ ಸಾರ್ವಜನಿಕ ದಾಖಲೆ. ರೆಜಿಸ್ಟರ್ ವಿಭಾಗಕ್ಕೆ ಫೋನ್ ಮಾಡು."

ಮಾಡಿದೆ. ಅಲ್ಲಿದ್ದವನು ನನ್ನ ಹೆಸರು ಕೇಳಲಿಲ್ಲ. ಯಾವ ಊರು ಕೇಳಲಿಲ್ಲ. ನಾನೇ ಹೇಳಹೋದರೆ ತಡೆದ. ದಾಖಲೆ ಕೇಳುವವರನ್ನು ನೀವು ಯಾರು, ಯಾಕೆ ಬೇಕು ಎಂದು ಕೇಳುವ ಹಾಗಿಲ್ಲವಂತೆ, ಕಾನೂನು. ನಾನು ಕುಡಿಯುತ್ತಿದ್ದ ನೀರು ನೆತ್ತಿಗೆ ಹತ್ತಿತು. ಯಾರು ಎಂದು ಕೇಳುವ ಹಾಗಿಲ್ಲ! ಮಾಲತಿ ಮೇಡಂ ಯಾವ ದೇಶದಲ್ಲಿದ್ದಾರೆ ಎಂದು ಅವರಿಗೇ ಗೊತ್ತಿದ್ದ ಹಾಗಿಲ್ಲ.

ಪತ್ರ ಈಮೇಲಿನಲ್ಲಿ ಬಂತು. ಪಾತ್ರೆ ಕೋಣೆಯಲ್ಲಿ ಗ್ಲೌಸ್ ಕಳಚಿ ಓದಿದೆ. ಮೇಲೆ ಕೆಂಪಕ್ಷರದಲ್ಲಿ 'ಕಾನ್ಫಿಡೆನ್ಷಿಯಲ್' ಎಂದಿತ್ತು. ಪಾಪ, ಅಧ್ಯಕ್ಷರು ಬೆಂಗಳೂರಿನ ಆಫೀಸುಗಳಲ್ಲಿ ಪಳಗಿದವರು. ಆ ಪದ ಬರೆದರೆ ಪತ್ರಕ್ಕೆ ಬೀಗ ಬೀಳುತ್ತದೆ ಎಂದುಕೊಂಡಿದ್ದಾರೆ. ಈ ದೇಶದಲ್ಲಿ ಎಷ್ಟೋ ವರ್ಷ ಇದ್ದಾರೆ, ಇಷ್ಟು ತಿಳಿದುಕೊಂಡಿಲ್ಲ. ತಿಳಿಯಲು ಅವರು ಯಾವತ್ತೂ ಏನನ್ನೂ ಕೇಳಿ ಪಡೆಯಬೇಕಾಗಿರಲಿಲ್ಲ.

ಒಳಗೆ ಹೀಗಿತ್ತು. ಈಕೆಯ ಕನ್ನಡ ಹಳ್ಳಿಯದು, ನಮ್ಮ ಮಕ್ಕಳ ಉಚ್ಚಾರಣೆ ಕೆಡುತ್ತದೆ. ಈಕೆ ಬೆಳೆದ ಪರಿಸರ ಬೇರೆ, ನಮ್ಮ ಮನೆಗಳ ಸಂಸ್ಕಾರ, ಆಹಾರ, ಶುಚಿತ್ವ ಬೇರೆ, ಅದನ್ನು ಸ್ವೀಡಿಷ್ ಅಧಿಕಾರಿಗಳಿಗೆ ವಿವರಿಸುವುದು ಕಷ್ಟ. ಈಕೆ ವೃತ್ತಿಯಿಂದ ಪಾತ್ರೆ ತೊಳೆಯುವವಳು. ತಕ್ಕ ಹಿನ್ನೆಲೆಯ ಮೇಷ್ಟ್ರು ಸಿಗುವವರೆಗೆ ನಮ್ಮ ಮಕ್ಕಳನ್ನು ಹಿಂದೆ ತೆಗೆದುಕೊಳ್ಳುತ್ತೇವೆ.

ಜಾತಿ ಎಂಬ ಪದ ಎಲ್ಲೂ ಇಲ್ಲ. ಒಳ್ಳೆಯ ಇಂಗ್ಲಿಷ್. ಮೊದಲ ಸಹಿ ರಾಜಗೋಪಾಲ. ಎರಡನೆಯದು ಮಾಲತಿ. ಮೂರನೆಯದು ಕಾಂಚನಾ.

ಕಾಂಚನಾ! ವೇದ್‌ಗೆ ಜ್ವರ ಬಂದಾಗ ಇಡೀ ದಿನ ನನ್ನ ಜೊತೆ ಕೂತವಳು. ಅವಳಿಗೆ ಫೋನ್ ಮಾಡಿದೆ.

"ಶಕ್ಕೂ, ಪ್ರಾಮಿಸ್, ನಾನು ಓದ್ಲೇ ಇಲ್ಲ ಕಣೇ. ಗ್ರೂಪಲ್ಲಿ ಲಿಂಕ್ ಬಂತು, ಎಲ್ರೂ ಸೈನ್ ಮಾಡಿದ್ರು, ನಾನೂ ಮಾಡ್ದೆ."

"ಯಾವ ಗ್ರೂಪು? ನಾನಿರೋ ಗ್ರೂಪಲ್ಲಿ ಬರ್ಲಿಲ್ಲವಲ್ಲ."

ಅವಳು ಆ ಕಡೆ ತಿರುಗಿ ಮಕ್ಕಳನ್ನು ಗದರಿದಳು.

"ಆಯುಷ್, ಮಯಾಂಕ್ ಹೆಸರು ತೆಗೆದಿದ್ದೀಯ."

"ಬೇರೆ ಟೀಚರ್ ಅರೇಂಜ್ ಮಾಡ್ತಾರಂತೆ. ಜೂಮ್‌ನಲ್ಲಿ. ಬೇಜಾರು ಮಾಡ್ಕೋಬೇಡ ಕಣೇ, ನೀನಂದ್ರೆ ನಂಗೆ ತುಂಬಾ ಇಷ್ಟ."

ಥೂ ಎಂದು ಫೋನಿಟ್ಟೆ. ಹೊಡೆದು ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇಷ್ಟ ಎನ್ನುವವಳನ್ನು ಏನು ಮಾಡುವುದು?

ಶಿವಪ್ರಸಾದ ಪತ್ರವನ್ನು ಎರಡು ಸಲ ಓದಿದ. "ಬಿಟ್ಟಾಕು," ಎಂದ. "ಪರ್ಮಿಟ್ ರಿನ್ಯೂವಲ್ ಬರ್ತಾ ಇದೆ. ರಾಜಗೋಪಾಲ ನಮ್ಮ ಮ್ಯಾನೇಜರ್ ಜೊತೆ ಬ್ಯಾಡ್ಮಿಂಟನ್ ಆಡ್ತಾರೆ. ಹೋಗಿ ಒಂದು ಸಲ ಸಾರ್, ತಾವು ದೊಡ್ಡ ಮನಸ್ಸು ಮಾಡ್ಬೇಕು ಅಂತ ಕೇಳ್ಕೊ. ಬೇಕಾದ್ರೆ ನಾನೂ ಬರ್ತೀನಿ."

"ನಮ್ಮಪ್ಪ ಅದನ್ನೇ ಕೇಳ್ಕೊಂಡು ಸತ್ತ. ಅವರ ಮನಸ್ಸು ಎಷ್ಟು ದೊಡ್ಡದಾಯ್ತು?"

ಅವನು ಟೀವಿಯ ಸದ್ದು ಹೆಚ್ಚಿಸಿದ. ಅವನ ಮೇಲೂ ಸಿಟ್ಟು ಬಂತು, ಅಯ್ಯೋ ಅಂತಲೂ ಅನಿಸಿತು.

ಮಾರನೆಯ ದಿನ ಆ ಅರ್ಜಿಯನ್ನು ಕನ್ನಡಕ್ಕೆ ಅನುವಾದ ಮಾಡಲು ಕೂತೆ. ಒಂದು ಪದ ಸೇರಿಸಲಿಲ್ಲ, ಒಂದು ಪದ ಬಿಡಲಿಲ್ಲ. ಶುದ್ಧ ಕನ್ನಡ ಬೇಕು ಎಂದಿದ್ದರಲ್ಲ, ಶುದ್ಧವಾಗಿಯೇ ಬರೆದೆ. 'ಮಾನ್ಯರೇ' ಎಂದು ಶುರು ಮಾಡಿ 'ತಮ್ಮ ವಿಶ್ವಾಸಿಗಳು' ಎಂದು ಮುಗಿಸಿದೆ. ಹನ್ನೊಂದು ಹೆಸರನ್ನೂ ಅವರು ಹಾಕಿದ ಕ್ರಮದಲ್ಲೇ ಇಟ್ಟೆ. ಅಧ್ಯಕ್ಷರದು ಮೊದಲು. ಅದರಲ್ಲಿ ಹೆಚ್ಚುಕಡಿಮೆ ಆಗಬಾರದು. ಕೆಳಗೆ ಒಂದೇ ಸಾಲು ನನ್ನದು: 'ಮೂಲ ಇಂಗ್ಲಿಷಿನಲ್ಲಿದೆ. ಕನ್ನಡಕ್ಕೆ ತಂದವಳು ಶಕುಂತಲಾ, ಎಂ.ಎ., ಬಿ.ಎಡ್.'

ಒಂದೇ ಹಾಳೆ, ದಪ್ಪ ಅಕ್ಷರ. ಲೈಬ್ರರಿಯ ಪ್ರಿಂಟರಿನಲ್ಲಿ ತೆಗೆದೆ. ಹಾಳೆ ಸಿಕ್ಕಿಕೊಂಡಾಗ ಬಿಡಿಸಿಕೊಟ್ಟ ಲೈಬ್ರರಿಯ ಹೆಂಗಸು ಅಕ್ಷರಗಳ ಮೇಲೆ ಬೆರಳಾಡಿಸಿ, "ಎಷ್ಟು ಚಂದದ ಲಿಪಿ! ಪದ್ಯವೇ?" ಎಂದಳು.

"ಅಲ್ಲ, ದೂರು," ಎಂದೆ.

"ಓ, ಬಟ್ಟೆ ಒಗೆಯುವ ಕೋಣೆಗೆ," ಎಂದು ತಲೆಯಾಡಿಸಿದಳು. ಇಲ್ಲಿಯ ಜನ ಬಾಯಿಬಿಟ್ಟು ಜಗಳ ಆಡುವುದಿಲ್ಲ. ಕಟ್ಟಡದ ಬಟ್ಟೆ ಒಗೆಯುವ ಕೋಣೆಯಲ್ಲಿ ಯಾರಾದರೂ ಮಿಷನ್ ಒರೆಸದೆ ಹೋದರೆ ಸಿಟ್ಟಿನ ಚೀಟಿ ಬರೆದು ಅಂಟಿಸುತ್ತಾರೆ. ನನ್ನದನ್ನೂ ಅಂಥದೇ ಎಂದುಕೊಂಡಳು. ಅವಳು ತೀರಾ ತಪ್ಪು ಅಂದುಕೊಂಡಿರಲಿಲ್ಲ.

ರಾಜ್ಯೋತ್ಸವ ಶನಿವಾರ ಮಧ್ಯಾಹ್ನ. ಕಟ್ಟಡವೊಂದರ ನೆಲಮಾಳಿಗೆಯ ಸಭಾಂಗಣ. ಹೊರಗೆ ಆಗಲೇ ಬೆಳಕು ಇಳಿಯುತ್ತಿತ್ತು. ಒಳಗೆ ಕೆಂಪು-ಹಳದಿ ಬಾವುಟ, 'ಕನ್ನಡ ಉಳಿಸಿ, ಬೆಳೆಸಿ' ಬ್ಯಾನರು. ನನ್ನ ಪಾಲಿಗೆ ದಸರಾದಂತೆಯೇ ಟೇಬಲ್ ಮತ್ತು ಪಾತ್ರೆ. ಶಿವಪ್ರಸಾದ ವೇದ್‌ನ ಜೊತೆ ಮನೆಯಲ್ಲೇ ಉಳಿದಿದ್ದ.

ಮಾಲತಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತೇ ಹೇಳಿದರು. "ಶಕುಂತಲಾ, ಟೇಬಲ್ ಪೇಪರ್ ಹಾಕಿ ಎಲೆ ಇಡಿ. ಈಗ್ಲೇ ಒಳಗೆ ಬರ್ಬೇಡಿ ಆಯ್ತಾ, ಕ್ರೌಡ್ ಆಗತ್ತೆ. ಊಟ ಆದ್ಮೇಲೆ ಬನ್ನಿ."

"ಆಯ್ತು ಮೇಡಂ," ಎಂದೆ.

ಪ್ರತಿ ಕುರ್ಚಿಯ ಮುಂದೆ ಒಂದೊಂದು ಹಾಳೆ ಹಾಸಿದೆ. ಅದರ ಮೇಲೆ ಕಾಗದದ ಬಾಳೆಲೆ ಇಟ್ಟೆ. ಎಲೆ ಚಿಕ್ಕದು, ಹಾಳೆಯ ಮೇಲುಭಾಗ, ಕೆಳಭಾಗ ಎರಡೂ ಕಾಣುತ್ತಿದ್ದವು. ಮಾಲತಿ ಇಣುಕಿ ನೋಡಿದರು.

"ಅಯ್ಯೋ, ಪ್ರಿಂಟೆಡ್ ಮ್ಯಾಟ್ಸ್! ಕನ್ನಡದಲ್ಲಿ! ಸೋ ಥಾಟ್‌ಫುಲ್ ಶಕುಂತಲಾ!"

ಓದಲಿಲ್ಲ. ಫೋಟೋ ತೆಗೆದರು. ತಾವೇ ಬಳಗದ ಗುಂಪಿಗೆ ಹಾಕಿದರು. ಅಡುಗೆಮನೆಯಿಂದಲೇ ನಾಲ್ಕಾರು ಜನ ಹೃದಯದ ಚಿತ್ರ ಒತ್ತಿದರು.

ಅಧ್ಯಕ್ಷರು ಮೈಕ್ ಹಿಡಿದು ಭಾಷಣ ಮಾಡಿದರು. "ಮಕ್ಕಳಿಗೆ ಕನ್ನಡ ಕಲಿಸ್ದೇ ಹೋದ್ರೆ ನಾವು ತಾಯಿಗೇ ದ್ರೋಹ ಮಾಡ್ದಂಗೆ. ಕೊಮ್ಯೂನ್ ಜೊತೆ ಸೀರಿಯಸ್ಸಾಗಿ ಫಾಲೋ ಅಪ್ ಮಾಡ್ತಾ ಇದ್ದೀವಿ." ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಕೈ ಒಡೆದಿದ್ದರಿಂದ ಮೆಲ್ಲಗೆ.

ಊಟಕ್ಕೆ ಕೂತರು. ಕೋಸಂಬರಿ ಬಂತು, ಪಲ್ಯ ಬಂತು. ಮಾಲತಿಯ ತಂದೆ ವೆಂಕಟರಮಣ ಮೈಸೂರಿನಿಂದ ಬಂದಿದ್ದರು. ಅಚ್ಚಾದ ಕನ್ನಡ ಕಂಡು ಎಷ್ಟೋ ದಿನವಾಗಿತ್ತೇನೋ, ಕನ್ನಡಕ ಏರಿಸಿ ಎಲೆ ಪಕ್ಕಕ್ಕೆ ಸರಿಸಿ ಸಂತೋಷದಿಂದ ಗಟ್ಟಿಯಾಗಿ ಓದತೊಡಗಿದರು. "ಮಾನ್ಯರೇ! ಆಹಾ. ಕೆಳಗೆ ಸಹಿ ಮಾಡಿರುವ ನಾವು, ಕನ್ನಡದ ಪರಂಪರೆಯ ಬಗ್ಗೆ ಕಾಳಜಿಯುಳ್ಳ ಪೋಷಕರು..." ಅಕ್ಕಪಕ್ಕದವರು ಯಾವುದೋ ಒಳ್ಳೆಯ ಬರಹ ಎಂದು ಕಿವಿಗೊಟ್ಟರು. "...ಶ್ರೀಮತಿ ಶಕುಂತಲಾ ಅವರ ಹಿನ್ನೆಲೆಯು ನಮ್ಮ ಮನೆಗಳ ಶುಚಿತ್ವಕ್ಕೆ..."

ಅಲ್ಲಿಗೆ ನಿಂತಿತು. ಅವರ ಬೆರಳು ಕೆಳಗಿಳಿದು ಹೆಸರುಗಳ ಮೇಲೆ ಹೋಯಿತು. ಮಗಳ ಹೆಸರು ಸಿಕ್ಕಿತು. ಕನ್ನಡಕ ತೆಗೆದರು.

ಒಂದೊಂದೇ ಎಲೆ ಪಕ್ಕಕ್ಕೆ ಸರಿಯಿತು. ಕಾಂಚನಾ ಅನ್ನದ ಪಾತ್ರೆ ಹಿಡಿದು ನಡುವೆ ನಿಂತವಳು ಅತ್ತ ಹೋಗಲಿಲ್ಲ, ಇತ್ತ ಬರಲಿಲ್ಲ.

ರಾಜಗೋಪಾಲ ಹಾಳೆ ಮುದುರಿ ಹಿಡಿದು ನನ್ನ ಹತ್ತಿರ ಬಂದರು. ಮೈಕಿಲ್ಲದೆ ಅವರ ಧ್ವನಿ ಸಣ್ಣದು. "ಏನಿದು? ಇದು ಕಾನ್ಫಿಡೆನ್ಷಿಯಲ್ ಡಾಕ್ಯುಮೆಂಟ್! ಪ್ರಿಂಟ್ ಯಾಕೆ ಮಾಡಿದ್ರಿ? ಪರ್ಸನಲ್ಲಾಗಿ ಬಂದು ಮಾತಾಡ್ಬೋದಿತ್ತಲ್ಲ?"

"ನೀವು ನನ್ನ ಹತ್ರ ಪರ್ಸನಲ್ಲಾಗಿ ಬಂದಿದ್ರಾ ಸಾರ್?"

"ದಟ್ ಈಸ್ ಡಿಫರೆಂಟ್. ಇಲ್ಲಿ ಊಟದ ಟೈಮಲ್ಲಿ, ಎಲ್ರ ಮುಂದೆ..."

ಬರೆದದ್ದು ಸುಳ್ಳು ಎಂದು ಅವರು ಅನ್ನಲಿಲ್ಲ. ಆ ಸಭಾಂಗಣದಲ್ಲಿ ಒಬ್ಬರೂ ಅನ್ನಲಿಲ್ಲ. ಅಚ್ಚು ಹಾಕಿಸಿದ್ದೇ ಅಪರಾಧ. ಹಬ್ಬಕ್ಕೆಂದು ಮತ್ತೆ ಬಂದಿದ್ದ ಅನಿಕಾಳ ಮುಖ ಹುಡುಕಿದೆ, ಅವಳಿಗಾದರೂ ತಿಳಿದೀತು ಎಂದು. ಅವಳ ಕಣ್ಣು ತುಂಬಿತ್ತು.

"ಆಂಟಿ, ವಿಷಯ ಬರೀರಿ, ಓಕೆ. ಆದ್ರೆ ಹೆಸ್ರು ಹಾಕ್ಬಾರ್ದಿತ್ತು. ಅವ್ರು ನಮ್ಮಪ್ಪ."

"ಆ ಲಂಡನ್ನಿನವರಿಗೂ ಹೆಣ್ಣುಮಕ್ಕಳಿದ್ದರು ಕಣಮ್ಮ," ಎಂದೆ. ಅವಳು ಅಳುತ್ತ ಹೊರಗೆ ಹೋದಳು. ಪಾಪ, ಅವಳ ಪ್ರಬಂಧದ ಜನ ಎಲ್ಲರೂ ಸತ್ತವರು. ಅವರಿಂದ ಅವಳಿಗೆ ಈ ತೊಂದರೆ ಇರಲಿಲ್ಲ.

ಮಾಲತಿ ಮುಂದೆ ಬಂದರು. ನಗು ಇನ್ನೂ ತುಟಿಯ ಮೇಲೆ ಉಳಿದಿತ್ತು. "ನೋಡಿ ಶಕುಂತಲಾ, ಮೊದ್ಲು ಈ ಪೇಪರೆಲ್ಲ ಎತ್ತಿ. ಊಟ ಮುಗೀಲಿ. ನೀವು ಪಾತ್ರೆ ಮುಗಿಸ್ಕೊಂಡು ಹೋಗಿ. ನಾಳೆ ಕೂತು ಮಾತಾಡೋಣ."

"ಎತ್ತಲ್ಲ," ಎಂದೆ. "ಪಾತ್ರೆನೂ ತೊಳ್ಯಲ್ಲ."

"ಮತ್ತೆ ಯಾರು ತೊಳೀತಾರೆ?" ಬೇಕೆಂದು ಕೇಳಿದ್ದಲ್ಲ. ನಿಜವಾಗಿ ಗೊತ್ತಿಲ್ಲದೆ ಕೇಳಿದರು.

ನಾನು ಒಂದು ಎಲೆ ಹುಡುಕಿ ಕೂತೆ. ಬಡಿಸಲು ಯಾರೂ ಬರಲಿಲ್ಲ. ಎದ್ದು ಕಾಂಚನಾಳ ಕೈಯಿಂದ ಅನ್ನದ ಪಾತ್ರೆ ತೆಗೆದುಕೊಂಡೆ, ಅವಳು ಬಿಟ್ಟಳು. ಅನ್ನ ಹಾಕಿಕೊಂಡೆ. ಹುಳಿಯ ಕೊಳಗಕ್ಕೆ ಸೌಟು ಹಾಕಿದೆ, ತಳದವರೆಗೆ ಕಲಕಿದೆ, ಬಡಿಸಿಕೊಂಡೆ. ಎಲ್ಲರೂ ಸೌಟನ್ನೇ ನೋಡುತ್ತಿದ್ದರು. ಎದುರಿಗಿದ್ದ ವೆಂಕಟರಮಣ ಅವರ ಎಲೆಯಲ್ಲಿ ಬರೀ ಅನ್ನವಿತ್ತು. "ನಿಮಗೂ ಹಾಕ್ಲಾ?" ಎಂದು ಸೌಟು ಮುಂದೆ ಹಿಡಿದೆ. ಈಗ ತಾನೇ ಮಗಳ ಹೆಸರು ಓದಿ ತಲೆ ತಗ್ಗಿಸಿದ್ದ ಮನುಷ್ಯ ಕೈ ಅಡ್ಡ ಹಿಡಿದರು.

"ಸಾಕಮ್ಮ, ನನಗೆ ಹೊಟ್ಟೆ ತುಂಬ್ತು," ಎಂದು ಎದ್ದು ಕೈ ತೊಳೆಯಲು ಹೋದರು.

ಆಯಿತು ಎಂದುಕೊಂಡೆ. ನಾನು ಉಂಡೆ. ಹುಳಿ ಚೆನ್ನಾಗಿತ್ತು, ಉಪ್ಪು ಒಂದು ಚಿಟಿಕೆ ಕಮ್ಮಿ. ತುತ್ತಿಗೊಂದು ಗುಟುಕು ನೀರು ಕುಡಿದೆ. ಜನ ಕೋಟು ಹಾಕಿಕೊಳ್ಳತೊಡಗಿದರು. ಜನವರಿ ಹೋಯಿತು, ಸೋಮವಾರ ಮತ್ತೆ ಅದೇ ಹಬೆ, ಅದೇ ಟ್ರೇ. ಶಿವಪ್ರಸಾದನಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ.

ಪಕ್ಕದ ಕುರ್ಚಿ ಎಳೆದ ಸದ್ದಾಯಿತು. ಆರಾಧ್ಯಾ. ಏಳನೇ ತರಗತಿಯ ಹುಡುಗಿ, ಹಲ್ಲಿಗೆ ತಂತಿ. ಕೈಯಲ್ಲಿ ಹುಳಿ ಚೆಲ್ಲಿದ ಹಾಳೆ.

"ವಾಡ್ ಸ್ಟೋರ್ ದೆ?" ಎಂದಳು. ಏನು ಬರೆದಿದೆ ಎಂದು. ಆಮೇಲೆ ಕಷ್ಟಪಟ್ಟು ಕನ್ನಡಕ್ಕೆ ಬಂದಳು. "ಎಲ್ರೂ ಯಾಕೆ ಆ್ಯಂಗ್ರಿ ಆಂಟಿ? ಪಪ್ಪಾ ನಥಿಂಗ್ ಅಂದ್ರು. ಅಮ್ಮ ಹೇಳಲ್ಲ ಅಂದ್ರು."

"ನೀನೇ ಓದ್ಕೊ."

"ನಂಗೆ ಓದಕ್ಕೆ ಬರಲ್ಲ. ಯು ನೋ ದಟ್."

ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಎಡಗೈಯಿಂದ ಹಾಳೆಯನ್ನು ನಮ್ಮಿಬ್ಬರ ನಡುವೆ ಎಳೆದು, ಕೆಳಗಡೆ ಮೊದಲ ಸಹಿಯ ಕೆಳಗೆ ಬೆರಳಿಟ್ಟೆ.

"ಇಲ್ನೋಡು. ಇದು ರ. ಹೀಗೆ ಪಕ್ಕಕ್ಕೆ ಎಳೆದ್ರೆ ರಾ."

"ರಾ."

"ಇದು ಜ."

"ಜ. ರಾಜ."

"ಇದು ಗ. ತಲೆ ಮೇಲೆ ಬಳ್ಳಿ ಹಾಗೆ ಸುತ್ತ್ಕೊಂಡು ಉದ್ದಕ್ಕೆ ಹೋಯ್ತು, ಗೋ."

"ಗೋ." ಅವಳ ಬೆರಳು ನನ್ನ ಬೆರಳಿನ ಪಕ್ಕಕ್ಕೆ ಬಂತು. "ಇದಕ್ಕೂ ಎಳೆದಿದೆ. ಇದು?"

"ಪಾ. ಮುಂದಿಂದು ಲ."

"ಪಾ, ಲ." ಒಂದೇ ಉಸಿರಿಗೆ ಸೇರಿಸಿದಳು. ಸೇರಿಸಿದ ಮೇಲೆ ತಲೆಯೆತ್ತಿ ಬಾಗಿಲ ಕಡೆ ನೋಡಿದಳು.

ರಾಜಗೋಪಾಲ ಅವಳ ಕೋಟು ಹಿಡಿದು ನಿಂತಿದ್ದರು. "ಆರಾಧ್ಯಾ, ಎದ್ದೇಳು. ಹೋಗೋಣ."

"ವೆಂಟಾ, ಪಪ್ಪಾ," ಎಂದಳು. ತಡಿ ಎಂದು. "ಇದು ನಿಮ್ಮ ಹೆಸ್ರು. ನೀವು ಏನು ಬರ್ದಿದ್ದೀರ ಅಂತ ಓದ್ತಾ ಇದ್ದೀನಿ."

ಅವರು ಕೋಟು ಹಿಡಿದೇ ನಿಂತರು. ನಾನು ಬೆರಳನ್ನು ಹಾಳೆಯ ಮೇಲಿನ ಮೊದಲ ಸಾಲಿಗೆ ತಂದೆ.

"ಇದು ಮ," ಎಂದೆ.